ನಾಗವಲ್ಲಿ ಮರಳಿ ಬಂದಾಗ

ಪ್ರೇತದ ಮನೆಯ ಕಥೆಗೆ ಎರಡನೆಯ ಭಾಗವೆಂಬುದು ಇರಬಹುದೇ, ಇದ್ದರೆ ಅದು ಮೊದಲನೆಯದರ ಸಮಕ್ಕೆ ನಿಲ್ಲಬಲ್ಲುದೇ ಎಂಬುದು ಮೇಲುನೋಟಕ್ಕೆ ಪುರುಸೊತ್ತಿನ ಹರಟೆಯ ವಿಷಯವೆಂದು ತೋರೀತು. ನಮ್ಮ ಕೂಟಗಳಲ್ಲಿ ಊಟದ ಎಲೆ ಎತ್ತಿದ ಮೇಲೆ ‘ಆಪ್ತಮಿತ್ರ’ ಹೆಚ್ಚೋ ‘ಆಪ್ತರಕ್ಷಕ’ ಹೆಚ್ಚೋ ಎಂಬ ವಾದ ಏಳುವುದುಂಟು. ಹಿರಿಯರು ಒಂದು ಪಕ್ಷ, ಎಳೆಯರು ಇನ್ನೊಂದು ಪಕ್ಷವಾಗಿ, ಕಾಫಿ ಆರುವವರೆಗೆ ಅದು ನಡೆಯುವುದೂ ಉಂಟು. ಆದರೆ ಈ ಹರಟೆಗೂ ಒಂದು ಇತಿಹಾಸವಿದೆ. ಆ ಇತಿಹಾಸದ ಕೆಲವು ಮುಖ್ಯ ತಿರುವುಗಳು, ಅನ್ನವನ್ನು ಅರಸಿಕೊಂಡು ಬಂದು ನಾವು ನೆಲೆಸಿರುವ ಈ ಕಲ್ಕತ್ತೆಯ ಮೂಲಕವೇ ಹಾದುಹೋಗಿವೆ ಎಂಬುದನ್ನು ನಮ್ಮಲ್ಲಿ ಎಷ್ಟೋ ಜನ ಗಮನಿಸಿದಂತಿಲ್ಲ. ಆದ್ದರಿಂದ ಈ ಸಲ ಅದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ನಮ್ಮ ದೇಶದ ಭಾಷೆಗಳಲ್ಲಿ ಪ್ರೇತದ ಮನೆಯನ್ನು ಅಜ್ಜಿಕಥೆಯ ಮಟ್ಟದಿಂದ ಮೇಲೆತ್ತಿದವರಲ್ಲಿ ರವೀಂದ್ರನಾಥ ಠಾಕೂರರನ್ನು ಮೊದಲು ನೆನೆಯಬೇಕು. ಹದಿನೇಳರ ಹರೆಯದಲ್ಲಿ, 1878ರಲ್ಲಿ, ಅವರು ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ಶಾಹಿಬಾಗಿನ ಹಳೆಯ ಅರಮನೆಯಲ್ಲಿ ಕೆಲಕಾಲ ಇದ್ದರು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರಕ್ಕೆ ವರ್ಗವಾಗಿ ಬಂದದ್ದೂ, ತಮ್ಮನು ಅಲ್ಲಿಗೂ ಬಂದು ಕಡಲ ದಂಡೆಯಲ್ಲಿ ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದದ್ದೂ ಕನ್ನಡಿಗರಿಗೆ ಪ್ರಿಯವಾದ ಸಂಗತಿ. ಅಹಮದಾಬಾದಿನ ಆ ಬರಿದಾದ ಕೋಣೆಗಳು ಮಾತ್ರ ಅವರ ಮನಸ್ಸಿನಲ್ಲಿ ಬಹುಕಾಲ ಉಳಿದು, 1895ರಲ್ಲಿ ‘ಕ್ಷುಧಿತ ಪಾಷಾಣ’ವೆಂಬ ಕಥೆಯಾದವು. ಹತ್ತಿಯ ಸುಂಕ ವಸೂಲಿಗೆಂದು ಬಂದ ಅಧಿಕಾರಿಯೊಬ್ಬ ಪಾಳುಬಿದ್ದ ಅರಮನೆಯಲ್ಲಿ ಮಲಗುತ್ತಾನೆ. ಹಗಲು ಕಚೇರಿಯ ಲೆಕ್ಕ. ರಾತ್ರಿ ಗೆಜ್ಜೆ, ಅತ್ತರು, ಯಾರದೋ ಬಿಕ್ಕು. ಆ ಬಿಕ್ಕು ದೂರದ ಇರಾನಿನಿಂದ ಕೊಂಡು ತಂದ ಒಬ್ಬ ದಾಸಿಯದೆಂದು ಅವನಿಗೆ ಹೊಳೆಯುತ್ತದೆ. ಈ ಕಥೆಯನ್ನು ಅವನು ಹೇಳುವುದು ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲಿ, ಅಪರಿಚಿತ ಸಹಪ್ರಯಾಣಿಕರಿಗೆ. ಕಚೇರಿಯ ಮುದಿ ಗುಮಾಸ್ತ ಕರೀಂಖಾನನು ಆ ದಾಸಿಯ ಪೂರ್ವವೃತ್ತಾಂತವನ್ನು ತನಗೆ ಹೇಳಿದನೆಂದು ಅವನು ಇನ್ನೇನು ತೊಡಗಬೇಕು, ಅಷ್ಟರಲ್ಲಿ ರೈಲು ಬರುತ್ತದೆ. ಕಥೆ ಅಲ್ಲಿಗೇ ನಿಲ್ಲುತ್ತದೆ.

ಠಾಕೂರರಿಗೆ ಆ ವೃತ್ತಾಂತ ಬರೆಯಲು ಬಾರದೆಯೇ? ಬೇಕೆಂದೇ ಬರೆಯಲಿಲ್ಲ. 1960ರಲ್ಲಿ ತಪನ್ ಸಿನ್ಹಾ ಅವರು ಸೌಮಿತ್ರ ಚಟರ್ಜಿಯವರನ್ನು ನಾಯಕನನ್ನಾಗಿಸಿ, ಅಲಿ ಅಕ್ಬರ್ ಖಾನರ ಸಂಗೀತದೊಡನೆ ಈ ಕಥೆಯನ್ನು ತೆರೆಗೆ ತಂದರು. ಮರುವರ್ಷ ಸತ್ಯಜಿತ್ ರಾಯ್ ಅವರು ಠಾಕೂರರದೇ ‘ಮಣಿಹಾರ’ವನ್ನು ‘ತೀನ್ ಕನ್ಯಾ’ದ ಮೂರರಲ್ಲಿ ಒಂದಾಗಿ ತೆಗೆದರು. ಎರಡಕ್ಕೂ ಮುಂದಿನ ಭಾಗವಿಲ್ಲ. ಬೇಕೆಂದು ಕೇಳಿದವರನ್ನೂ ನಾವು ಕಂಡಿಲ್ಲ.

ಇನ್ನು ನಮ್ಮ ನಾಗವಲ್ಲಿಗೆ ಬರೋಣ. ಅವಳ ಚರಿತ್ರೆ ಕನ್ನಡದಲ್ಲಿ ಆರಂಭವಾದುದಲ್ಲ. ಮಧು ಮುಟ್ಟಂ ಅವರು ಬರೆದ ಕಥೆಯನ್ನು ಫಾಜಿಲ್ ಅವರು ಮಲಯಾಳದಲ್ಲಿ ‘ಮಣಿಚಿತ್ರತ್ತಾಳ್’ ಎಂಬ ಚಿತ್ರವಾಗಿಸಿ 1993ರ ಕ್ರಿಸ್‌ಮಸ್ ಹೊತ್ತಿಗೆ ಬಿಡುಗಡೆ ಮಾಡಿದರು. ಹೆಸರಿನ ಅರ್ಥ ಚಿತ್ತಾರದ ಬೀಗ. ಮಾಡಂಪಳ್ಳಿ ಎಂಬ ಹಳೆಯ ತರವಾಡು ಮನೆ, ಅದರ ತೆಕ್ಕಿನಿ ಎಂಬ ಬೀಗ ಜಡಿದ ಕೋಣೆ, ಒಳಗೆ ತಂಜಾವೂರಿನಿಂದ ತಂದು ಕೂಡಿಹಾಕಿ ಕೊಂದ ನರ್ತಕಿ ನಾಗವಲ್ಲಿ. ಆ ಮನೆಗೆ ಬಂದಿಳಿಯುವ ಎಳೆಯ ದಂಪತಿ ನಕುಲ ಮತ್ತು ಗಂಗಾ. ಅವರು ಬರುವುದು ಎಲ್ಲಿಂದ? ಕಲ್ಕತ್ತೆಯಿಂದ.

ಕೇರಳದವರಿಗೆ ಇದು ಬರಿಯ ವಿವರವಿರಬಹುದು. ನಮಗೆ ಹಾಗಲ್ಲ. ಬಾಗಿಲು ತೆರೆದ ಮೇಲೆ ನಡೆಯುವುದನ್ನೆಲ್ಲ ಎಲ್ಲರೂ ಬಲ್ಲರು: ಮಡಕೆ ಒಡೆಯುತ್ತದೆ, ಸೀರೆಗೆ ಬೆಂಕಿ ಹತ್ತುತ್ತದೆ, ಮನೆಯವರು ಒಬ್ಬರನ್ನೊಬ್ಬರು ಸಂಶಯಿಸುತ್ತಾರೆ. ಕೊನೆಗೆ ಮನೋವೈದ್ಯ ಸನ್ನಿ ಕಂಡುಹಿಡಿಯುವುದೇನೆಂದರೆ, ಮನೆಯಲ್ಲಿ ಪ್ರೇತವೇ ಇಲ್ಲ. ಸತ್ತ ನರ್ತಕಿಯ ಕಥೆಯನ್ನು ಕೇಳಿ ಕೇಳಿ ಗಂಗೆಯೇ ಅವಳಾಗಿದ್ದಾಳೆ. ಯಾಕೆ ಆದಳು? ಅದಕ್ಕೆ ಉತ್ತರ ಅವಳ ಬಾಲ್ಯದಲ್ಲಿದೆ. ತಂದೆತಾಯಿ ದೂರದ ನಗರದಲ್ಲಿ ದುಡಿಯುತ್ತಿದ್ದರು. ಮಗು ಊರಿನಲ್ಲಿ ಅಜ್ಜಿಯ ಮಡಿಲಲ್ಲಿ, ಅವಳ ಕಥೆಗಳನ್ನೇ ಉಂಡು ಬೆಳೆಯಿತು. ಒಂದು ದಿನ ಅವಳನ್ನು ತಮ್ಮೊಡನೆ ಕರೆದೊಯ್ಯಲು ಹೊರಟಾಗ ಆ ಎಳೆಯ ಮನಸ್ಸು ತಾಳದೆಹೋಯಿತು. ಅಂದು ಬಿದ್ದ ಬಿರುಕಿನೊಳಗೆ ಎಷ್ಟೋ ವರ್ಷಗಳ ಮೇಲೆ ನಾಗವಲ್ಲಿ ಬಂದು ಸೇರಿಕೊಂಡಳು.

ಮಗುವನ್ನು ‘ಊರಲ್ಲಿ ಅಜ್ಜಿ ಹತ್ತಿರ ಕನ್ನಡ ಕಲಿಯಲಿ’ ಎಂದು ಬಿಟ್ಟುಬಂದ ಮನೆಗಳು ನಮ್ಮಲ್ಲಿ ಕಡಿಮೆಯೇ? ಬೇಸಿಗೆ ರಜೆಯಲ್ಲಿ ರೈಲು ಹತ್ತಿ ಹೋಗಿ ನೋಡಿದರೆ ಮಗು ಅಜ್ಜಿಯ ಸೆರಗಿನ ಹಿಂದೆ ಅಡಗುತ್ತದೆ. ತಾಯಿಯನ್ನು ‘ಕಲ್ಕತ್ತೆ ಅಮ್ಮ’ ಎಂದು ಕರೆಯುತ್ತದೆ. ಆ ತಾಯಂದಿರು ಈ ಚಿತ್ರವನ್ನು ನೋಡಿ ಹೆದರಿದ್ದು ಗೆಜ್ಜೆಯ ಸದ್ದಿಗಲ್ಲ. ‘ಮಣಿಚಿತ್ರತ್ತಾಳ್’ನ ನಿಜವಾದ ಭಯ ಅಲ್ಲಿದೆ ಎಂದು ನಾವು ತಿಳಿದಿದ್ದೇವೆ. ಬೀಗ ಹಾಕಿದ್ದು ಕೋಣೆಗೆ ಮಾತ್ರವಲ್ಲ.

ಈ ಪಾತ್ರಕ್ಕಾಗಿ ಶೋಭನಾ ಅವರಿಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂದಿತು. ಅವರ ಅಭಿನಯಕ್ಕೆ ಎರಡು ಕಂಠಗಳು ಬೇಕಾದವು: ಗಂಗೆಗೆ ಮಲಯಾಳದ ಕಲಾವಿದೆಯೊಬ್ಬರದು, ನಾಗವಲ್ಲಿಗೆ ತಮಿಳಿನ ಬೇರೊಬ್ಬರದು. ಯಾಕೆಂದರೆ ನಾಗವಲ್ಲಿ ಮೈಮೇಲೆ ಬಂದಾಗ ಗಂಗೆ ಮಲಯಾಳ ಬಿಟ್ಟು ತಮಿಳು ಮಾತಾಡುತ್ತಾಳೆ.

ಕನ್ನಡಕ್ಕೆ ಇದು ಬರಲು ಹತ್ತು ವರ್ಷಗಳಿಗೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಕನ್ನಡದಲ್ಲಿ ಹೆದರಿಸುವ ಚಿತ್ರಗಳೇ ಇರಲಿಲ್ಲವೆಂದಲ್ಲ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಮತ್ತು ಲಕ್ಷ್ಮಿಯವರು ಇಡೀ ಒಂದು ತಲೆಮಾರಿನ ನಿದ್ದೆ ಕೆಡಿಸಿದ್ದರು. ಆದರೆ ‘ಆಪ್ತಮಿತ್ರ’ದ ಮಾತೇ ಬೇರೆ. ಸಾಲದಲ್ಲಿ ಮುಳುಗಿದ್ದ ದ್ವಾರಕೀಶರು ಎಲ್ಲವನ್ನೂ ಪಣವಿಟ್ಟು ನಿರ್ಮಿಸಿದರು, ಪಿ. ವಾಸು ನಿರ್ದೇಶಿಸಿದರು; ವಿಷ್ಣುವರ್ಧನರು ವೈದ್ಯ ವಿಜಯ್, ರಮೇಶ್ ಅರವಿಂದ್ ಗಂಡ, ಅವಿನಾಶ್ ಆಚಾರ್ಯರು, ಸೌಂದರ್ಯ ಗಂಗಾ. ಚಿತ್ರ 2004ರ ಆಗಸ್ಟ್ 27ರಂದು ತೆರೆ ಕಂಡಾಗ ಸೌಂದರ್ಯ ಇರಲಿಲ್ಲ. ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ನಡೆದ ವಿಮಾನ ಅಪಘಾತ ಅವರನ್ನು ಕೊಂಡೊಯ್ದಿತ್ತು. ಸತ್ತವಳೊಬ್ಬಳು ಬದುಕಿದವಳ ಮೈಯಲ್ಲಿ ಮಾತಾಡುವ ಕಥೆಯನ್ನು, ಆಗಲೇ ತೀರಿಹೋದ ನಟಿಯ ಮುಖದಲ್ಲಿ ಜನ ನೋಡಿದರು. ಈ ಸಂದರ್ಭವನ್ನು ಬಿಟ್ಟು ಆ ಚಿತ್ರದ ಜಯಭೇರಿಯನ್ನು ಅಳೆಯುವುದು ಸಾಧ್ಯವಿಲ್ಲ.

ಸೌಂದರ್ಯ ಅವರ ಬಗ್ಗೆ ಇನ್ನೊಂದು ಮಾತು. ಮುಳಬಾಗಿಲು ಕಡೆಯ ಈ ಕನ್ನಡದ ಹುಡುಗಿ ತೆಲುಗಿಗೆ ಹೋಗಿ ಅಲ್ಲಿಯ ಮನೆಮಗಳೇ ಆಗಿದ್ದರು. ನಡುವೆ ಕನ್ನಡಕ್ಕೆ ಬಂದು ಗಿರೀಶ ಕಾಸರವಳ್ಳಿಯವರ ‘ದ್ವೀಪ’ವನ್ನು ತಾವೇ ನಿರ್ಮಿಸಿ ಸ್ವರ್ಣಕಮಲ ತಂದರು. ‘ಆಪ್ತಮಿತ್ರ’ದಲ್ಲಿ ನಾಗವಲ್ಲಿ ತೆಲುಗು ನಾಡಿನವಳು, ಗಂಗೆ ತಾನಲ್ಲವಾದಾಗ ಅವಳ ಬಾಯಲ್ಲಿ ಬರುವುದು ತೆಲುಗು. ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡತಿಯೊಬ್ಬಳು ತವರಿಗೆ ಬಂದು, ತವರಿನ ಭಾಷೆಯ ನಡುವೆ ಆ ಹೊರನಾಡಿನ ಭಾಷೆಯನ್ನು ಉರಿಗಣ್ಣಿನಿಂದ ಆಡಿದಳು. ಮೂಲದ ತಮಿಳು ಇಲ್ಲಿ ತೆಲುಗಾದದ್ದು ನಿರ್ದೇಶಕರ ಅನುಕೂಲಕ್ಕಿರಬಹುದು, ಆದರೆ ಅದರ ಫಲ ಅನುಕೂಲವನ್ನು ಮೀರಿತು.

ರಜನಿಕಾಂತರ ‘ಚಂದ್ರಮುಖಿ’ ಮೊದಲು, ನಮ್ಮದು ಆಮೇಲೆ ಎಂದು ನಂಬಿರುವವರು ಇಲ್ಲಿಯೂ ಕೆಲವರಿದ್ದಾರೆ. ಹಾಗಲ್ಲ. ಕನ್ನಡದ ಗೆಲುವನ್ನು ಕಂಡೇ ಅದೇ ವಾಸು ಅವರು 2005ರ ಏಪ್ರಿಲ್‌ನಲ್ಲಿ ತಮಿಳಿನದನ್ನು ತಂದರು. ಅದು ಚೆನ್ನೈಯ ಶಾಂತಿ ಚಿತ್ರಮಂದಿರದಲ್ಲಿ ಎಂಟುನೂರಕ್ಕೂ ಹೆಚ್ಚು ದಿನ ಓಡಿತು. ಅದೇ ವರ್ಷ ಬಂಗಾಳಿಯಲ್ಲಿ ಪ್ರಸೇನ್‌ಜಿತ್ ಚಟರ್ಜಿಯವರ ‘ರಾಜಮಹಲ್’ ಬಂದಿತು. 2007ರಲ್ಲಿ ಪ್ರಿಯದರ್ಶನ್ ಅವರ ಹಿಂದಿಯ ‘ಭೂಲ್ ಭುಲೈಯಾ’. ಈ ಸಾಲಿನಲ್ಲಿ ಒಂದು ಕ್ರಮವಿದೆ: ಮಲಯಾಳದ ಪ್ರೇತ ತಮಿಳು ಆಡುತ್ತದೆ, ಕನ್ನಡದ್ದೂ ತಮಿಳಿನದೂ ತೆಲುಗು ಆಡುತ್ತವೆ, ಹಿಂದಿಯ ಪ್ರೇತ ಮಂಜುಲಿಕಾ ಬಂಗಾಳಿ ಆಡುತ್ತಾಳೆ. ಠಾಕೂರರ ದಾಸಿ ಇರಾನಿನವಳು. ಯಜಮಾನನ ಮನೆಯಲ್ಲಿ ಬಂದಿಯಾಗಿ, ಯಾರಿಗೂ ತಿಳಿಯದ ಭಾಷೆಯಲ್ಲಿ ಅಳುವ ಹೆಂಗಸೇ ನಮ್ಮ ದೇಶದ ಪ್ರೇತದ ಮನೆಗಳ ನಿಜವಾದ ವಾಸಿ. 2007ರಲ್ಲಿ ‘ನಮ್ಮ ಭಾಷೆಯೇ ನಿಮಗೆ ದೆವ್ವದ ಭಾಷೆಯೇ?’ ಎಂದು ನೆರೆಮನೆಯ ಬಂಗಾಳಿ ಬಾಂಧವರು ನಗುತ್ತಲೇ ಕೇಳಿದ್ದುಂಟು. ಮಂಜುಲಿಕೆಯಾದ ವಿದ್ಯಾ ಬಾಲನ್ ಪಾಲಕ್ಕಾಡು ಮೂಲದ ತಮಿಳು ಮನೆಯವರು. ಅವರ ಮೊದಲ ಚಿತ್ರವೇ 2003ರ ಬಂಗಾಳಿಯ ‘ಭಾಲೋ ಥೇಕೋ’. ನಮ್ಮ ಮಕ್ಕಳೂ ಸಿಟ್ಟು ಬಂದಾಗ ಕನ್ನಡ ಬಿಟ್ಟು ಬಂಗಾಳಿಗೆ ಹೊರಳುತ್ತಾರಲ್ಲ! ಆಗ ಅಜ್ಜಿಯರು ‘ಬಂತು ನೋಡಿ ಮೈಮೇಲೆ’ ಎಂದು ನಗೆಯಾಡುವುದು ಈ ಚಿತ್ರಗಳ ಕೊಡುಗೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ‘ಆಪ್ತರಕ್ಷಕ’ವನ್ನು ನೋಡಬೇಕು. ಇದು ವಾಸು ಅವರದೇ ಚಿತ್ರ, ವಿಷ್ಣುವರ್ಧನರ ಇನ್ನೂರನೆಯದು. 2009ರ ಡಿಸೆಂಬರ್ 30ರಂದು ಅವರು ಮೈಸೂರಿನಲ್ಲಿ ತೀರಿಕೊಂಡರು. ಚಿತ್ರ 2010ರ ಫೆಬ್ರವರಿಯಲ್ಲಿ ಬಂದಿತು. ಮೊದಲನೆಯದು ನಾಯಕಿಯನ್ನು ಕಳೆದುಕೊಂಡು ಬಂದರೆ ಎರಡನೆಯದು ನಾಯಕನನ್ನು ಕಳೆದುಕೊಂಡು ಬಂದಿತು. ಬೆಂಗಳೂರಿನಲ್ಲಿ ಜನ ಕರ್ಪೂರ ಹಚ್ಚಿ ಒಳಗೆ ಹೋದರೆಂದು ಕೇಳಿ ನಾವು ಆಶ್ಚರ್ಯಪಡಲಿಲ್ಲ. ಇಂಥ ಚಿತ್ರವನ್ನು ತೂಗಿ ನೋಡುವುದೇ ನಿಷ್ಠುರತೆಯೆಂದು ಕೆಲವರಿಗೆ ಅನಿಸೀತು. ಆದರೂ ತೂಗಲೇಬೇಕು.

ಇಲ್ಲಿ ನಾಗವಲ್ಲಿಯ ಚಿತ್ರಪಟ ನೃತ್ಯಸ್ಪರ್ಧೆಯ ಬಹುಮಾನವಾಗಿ ಬೇರೊಂದು ಮನೆಯನ್ನು ಸೇರುತ್ತದೆ. ಅದರೊಡನೆ ಅನಿಷ್ಟವೂ ಸೇರುತ್ತದೆ, ಒಂದು ಭಾರಿ ಹಾವೂ ಬರುತ್ತದೆ. ವೈದ್ಯ ವಿಜಯ್ ಮತ್ತು ಆಚಾರ್ಯರು ಮತ್ತೆ ಬರುತ್ತಾರೆ. ಜಾತಕಗಳನ್ನು ಪರಿಶೀಲಿಸಿದಾಗ, ನಾಗವಲ್ಲಿಯನ್ನು ಕೊಂದ ರಾಜ ವಿಜಯ ರಾಜೇಂದ್ರ ಬಹದ್ದೂರ ನೂರು ದಾಟಿಯೂ ಎಲ್ಲೋ ಇನ್ನೂ ಬದುಕಿದ್ದಾನೆಂಬ ಸಂಗತಿ ಹೊರಬೀಳುತ್ತದೆ. ಕಲ್ಪನೆ ಸಣ್ಣದಲ್ಲ. ಪ್ರೇತಕ್ಕೆ ಕಾರಣನಾದವನೇ ಸಾಯದೆ ಉಳಿದಿದ್ದಾನೆ ಎಂಬುದು, ಯೋಚಿಸಿದರೆ, ಪ್ರೇತಕ್ಕಿಂತ ಹೆಚ್ಚು ಹೆದರಿಸುವ ಮಾತು. ಆ ರಾಜನ ಪಾತ್ರವನ್ನೂ ವಿಷ್ಣುವರ್ಧನರೇ ವಹಿಸಿದರು. ಅವರು ಕುದುರೆಯಿಂದ ಇಳಿದು ಬರುವ ಗತ್ತು, ಹೆಣ್ಣನ್ನು ಆಸ್ತಿಯೆಂದು ಕಾಣುವ ಆ ನೋಟ, ಅವರ ಕಡೆಯ ವರ್ಷಗಳ ಅತ್ಯುತ್ತಮ ಕೆಲಸವೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಆ ವರ್ಷದ ಶ್ರೇಷ್ಠ ನಟನ ರಾಜ್ಯಪ್ರಶಸ್ತಿ ಅವರಿಗೆ ಮರಣೋತ್ತರವಾಗಿ ಬಂದದ್ದು ಬರಿಯ ಶ್ರದ್ಧಾಂಜಲಿಯಲ್ಲ.

ಹಾಗಾದರೆ ಕೊರತೆ ಎಲ್ಲಿ? ಗಂಗೆ ಇಲ್ಲ. ಸೌಂದರ್ಯ ಇಲ್ಲವೆಂದು ಹೇಳುತ್ತಿಲ್ಲ. ಗಂಗೆಯ ಸ್ಥಾನವೇ ಇಲ್ಲ. ಈ ಎರಡನೆಯ ಮನೆಯಲ್ಲಿ ತುಂಬ ಹೆಣ್ಣುಮಕ್ಕಳಿದ್ದಾರೆ, ಎಲ್ಲರ ಮೇಲೂ ಸಂಶಯ ಹಾಯುವಂತೆ ಕಥೆ ಹೆಣೆದಿದೆ. ಆದರೆ ಇಂಥವಳೇ ಯಾಕೆ ನಾಗವಲ್ಲಿಗೆ ಒಲಿದಳು, ಅವಳ ಮನಸ್ಸಿನಲ್ಲಿ ಮೊದಲೇ ಇದ್ದ ನೋವು ಯಾವುದು ಎಂಬ ಪ್ರಶ್ನೆಗೆ ಚಿತ್ರ ನಿಂತು ಉತ್ತರಿಸುವುದಿಲ್ಲ. ಮೊದಲನೆಯದರಲ್ಲಿ ನಾಗವಲ್ಲಿ ಗಂಗೆಯ ದುಃಖಕ್ಕೆ ಸಿಕ್ಕಿದ ಒಂದು ವೇಷ. ಎರಡನೆಯದರಲ್ಲಿ ದುಃಖ ಬಿದ್ದುಹೋಗಿ ವೇಷ ಉಳಿಯಿತು. ಮನೋವೈದ್ಯನ ಕೆಲಸ ಕುಗ್ಗಿತು. ಹಾವು, ಜಾತಕ, ಮಂತ್ರಗಳ ತೂಕ ಏರಿತು. ಮನೆಯೂ ಅಷ್ಟೆ. ಬೀಗದ ಕೋಣೆ ಆ ಅರಮನೆಯ ಕರುಳಾಗಿತ್ತು. ಗೋಡೆಯಿಂದ ಇಳಿಸಿ ಊರೂರು ಸಾಗಿಸಬಹುದಾದ ಪಟವನ್ನು ಯಾವ ಮನೆಯಲ್ಲಿಟ್ಟರೇನು?

ಬೀಗದ ಕೋಣೆಯೆಂದಾಗ ನೆನಪಾಗುವುದು, ಅದೇ 2010ರಲ್ಲಿ ಇಲ್ಲಿಯ ಆಲಿಪುರದಲ್ಲಿ ನಡೆದದ್ದು. ರಾಷ್ಟ್ರೀಯ ಗ್ರಂಥಾಲಯದ ಬೆಲ್ವೆಡಿಯರ್ ಭವನದ ದುರಸ್ತಿಯ ವೇಳೆ, ನೆಲ ಅಂತಸ್ತಿನಲ್ಲಿ ಬಾಗಿಲೂ ಕಿಟಕಿಯೂ ಇಲ್ಲದ, ಸುಮಾರು ಸಾವಿರ ಚದರ ಅಡಿಯ ಮುಚ್ಚಿದ ಕೋಣೆಯೊಂದು ಪತ್ತೆಯಾಯಿತು. ವಾರನ್ ಹೇಸ್ಟಿಂಗ್ಸನ ಕಾಲದ ನಿಧಿಯೇ, ಜೀವಂತ ಹೂತವರ ಎಲುಬುಗಳೇ ಎಂದು ಊರಿಗೆ ಊರೇ ಮಾತಾಡಿತು. ಪುರಾತತ್ವ ಇಲಾಖೆಯವರು ಗೋಡೆ ಕೊರೆದು ನೋಡಿದರೆ ಒಳಗೆ ಬರಿಯ ಮಣ್ಣು. ಕಟ್ಟಡ ಭದ್ರವಾಗಿರಲೆಂದು ಹಿಂದಿನವರು ತುಂಬಿದ್ದು. ಎಷ್ಟೋ ಎರಡನೆಯ ಭಾಗಗಳನ್ನು ನೋಡಿ ಎದ್ದು ಬರುವಾಗ ನಮಗೆ ಈ ಮಣ್ಣು ನೆನಪಾಗುತ್ತದೆ.

ವಾಸು ಅವರು 2023ರಲ್ಲಿ ‘ಚಂದ್ರಮುಖಿ 2’ ತಂದರು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಹಿಂದಿಯಲ್ಲಿ ಅನೀಸ್ ಬಜ್ಮಿಯವರು 2022ರಲ್ಲಿ ‘ಭೂಲ್ ಭುಲೈಯಾ 2’ ತೆಗೆದಾಗ ಮಂಜುಲಿಕಾ ಮನಸ್ಸಿನ ಭ್ರಮೆಯಾಗಿ ಉಳಿಯದೆ, ಮಾಟ ಮಾಡುವ ನಿಜವಾದ ಪ್ರೇತವೇ ಆದಳು. ಹಣ ಧಾರಾಳವಾಗಿ ಬಂದಿತು. 2024ರ ನವೆಂಬರ್‌ನಲ್ಲಿ ಬಂದ ಮೂರನೆಯದು ನಮಗೆ ಕುತೂಹಲದ್ದು, ಯಾಕೆಂದರೆ ಕಥೆ ಈ ಸಲ ಬಂಗಾಳಕ್ಕೇ ಬಂದಿತು. ರಕ್ತಘಾಟ್ ಎಂಬ ಕಲ್ಪಿತ ಸಂಸ್ಥಾನ, ವಿದ್ಯಾ ಬಾಲನ್ ಜೊತೆಗೆ ಮಾಧುರಿ ದೀಕ್ಷಿತ್. ಮಂಜುಲಿಕಾ ತವರಿಗೆ ಬಂದಳಲ್ಲ ಎಂದು ನಾವು ಹುರುಪಿನಿಂದಲೇ ಹೋದೆವು. ಹೋಗಿ ನೋಡಿದರೆ ಅರಮನೆಯವರೆಲ್ಲ ಹಿಂದಿಯನ್ನೇ ಬಂಗಾಳಿ ರಾಗದಲ್ಲಿ ಎಳೆಯುತ್ತಾರೆ. 2007ರಲ್ಲಿ ಆ ಬಂಗಾಳಿ ಹಾಡು ಎದೆ ನಡುಗಿಸಿದ್ದು, ಸುತ್ತಲಿನವರಾರಿಗೂ ಆ ಭಾಷೆ ತಿಳಿಯದ ಕಾರಣದಿಂದ. ಎಲ್ಲರೂ ಬಂಗಾಳಿಗಳೇ ಆಗಿರುವ ಮನೆಯಲ್ಲಿ ಅದು ಹಬ್ಬದ ಹಾಡಿನಂತೆ ಕೇಳಿಸಿತು. ಕೊನೆಯಲ್ಲಿ, ಹೆಣ್ಣುವೇಷದಲ್ಲಿ ಕುಣಿಯುವ ಆಸೆಗಾಗಿ ತಂದೆಯಿಂದಲೇ ಶಿಕ್ಷೆಗೊಳಗಾದ ರಾಜಕುಮಾರನ ಕಥೆ ಬರುತ್ತದೆ. ನಮ್ಮ ಎಣಿಕೆಯಲ್ಲಿ ಇಡೀ ಮೂರನೆಯ ಭಾಗದಲ್ಲಿ ಗಂಗೆಯ ನೆರಳು ಬಿದ್ದಿರುವುದು ಆ ಹತ್ತು ನಿಮಿಷಗಳಲ್ಲಿ ಮಾತ್ರ: ಮನೆಯವರೇ ಮಾಡಿದ ಗಾಯ, ಮನೆಯೊಳಗೇ ಉಳಿದ ಅಳು.

ಬಂಗಾಳಿಗರದೇ ಒಂದು ಉದಾಹರಣೆ ಕೊಡದಿದ್ದರೆ ಪಕ್ಷಪಾತವಾದೀತು. 2012ರಲ್ಲಿ ಅನೀಕ್ ದತ್ತ ಅವರ ‘ಭೂತೇರ್ ಭವಿಷ್ಯತ್’ ಬಂದಾಗ ಈ ಊರು ತಿಂಗಳುಗಟ್ಟಲೆ ನಕ್ಕಿತು. ಹಳೆಯ ಚೌಧುರಿ ಮನೆಯೊಂದರಲ್ಲಿ ಜಮೀನ್ದಾರ, ಬ್ರಿಟಿಷ್ ಸಾಹೇಬ, ಹಿಂದಿನ ಕಾಲದ ನಟಿ ಕದಲೀಬಾಲಾ, ಪೂರ್ವ ಬಂಗಾಳದ ನಿರಾಶ್ರಿತ, ಬಿಹಾರದ ಆತ್ಮಾರಾಮ್, ಕಾರ್ಗಿಲ್‌ನಲ್ಲಿ ಮಡಿದ ಸೇನಾಧಿಕಾರಿ, ಹೀಗೆ ಇನ್ನೂರೈವತ್ತು ವರ್ಷಗಳ ಕಲ್ಕತ್ತೆಯೇ ಪ್ರೇತಗಳಾಗಿ ಒಟ್ಟಿಗೆ ಸಂಸಾರ ಹೂಡಿದೆ. ಕಥೆ ಹೇಳುವವನೂ ಎಪ್ಪತ್ತರ ದಶಕದ ಒಬ್ಬ ನಕ್ಸಲೀಯ. ಮನೆಯನ್ನು ಕೆಡವಲು ಬಂದ ಪ್ರಮೋಟರನನ್ನು ಪ್ರೇತಗಳೇ ಉಪಾಯದಿಂದ ಓಡಿಸುತ್ತವೆ. (ಆ ಮನೆಯಲ್ಲಿ ನಮಗೆ ಕಂಡ ಮಟ್ಟಿಗೆ ದಕ್ಷಿಣದವರು ಒಬ್ಬರೂ ಇಲ್ಲ. ಲೇಕ್ ಮಾರ್ಕೆಟ್ ಕಡೆಯಿಂದ ಒಬ್ಬ ಅಕೌಂಟೆಂಟನ ಪ್ರೇತವನ್ನಾದರೂ ಸೇರಿಸಿಕೊಳ್ಳಬಹುದಿತ್ತು.) ಅದೇ ನಿರ್ದೇಶಕರು 2019ರಲ್ಲಿ ಹೆಸರನ್ನು ತಿರುವಿ ‘ಭವಿಷ್ಯತೇರ್ ಭೂತ್’ ತೆಗೆದರು. ಕಥೆ ಮುಂದುವರಿದದ್ದಲ್ಲ, ಹೊಸದು. ಆದರೂ ಜನ ಅದನ್ನು ಎರಡನೆಯದೆಂದೇ ಕಾದರು. ಫೆಬ್ರವರಿ 15ರಂದು ತೆರೆ ಕಂಡ ಚಿತ್ರ ಮರುದಿನವೇ ಹೆಚ್ಚಿನ ಚಿತ್ರಮಂದಿರಗಳಿಂದ ಮಾಯವಾಯಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಏಪ್ರಿಲ್ 11ರಂದು ರಾಜ್ಯ ಸರಕಾರವು 20 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂಬ ತೀರ್ಪು ಬಂದಿತು. ರಾಜಕೀಯ ವಿಡಂಬನೆಗೆ ಆದ ಆ ಅನ್ಯಾಯವನ್ನು ಬದಿಗಿಟ್ಟು ಚಿತ್ರವನ್ನಷ್ಟೇ ನೋಡಿದರೆ, ಮೊದಲನೆಯದರ ಸೊಗಸು ಇಲ್ಲಿಲ್ಲ. ಈ ಪ್ರೇತಗಳು ನೆಲೆ ತಪ್ಪಿ ನಿರಾಶ್ರಿತ ಶಿಬಿರದಲ್ಲಿ ಕೂಡಿದವು. ಒಂದೊಂದರ ಮಾತೂ ಚುರುಕು, ಆದರೆ ಅವನ್ನು ಒಂದು ಸೂರಿನ ಕೆಳಗೆ ಹಿಡಿದಿಡುವ ಚೌಧುರಿ ಮನೆ ಇಲ್ಲ.

‘ಮಣಿಚಿತ್ರತ್ತಾಳ್’ಗೂ ಒಂದು ಬಗೆಯ ಮುಂದಿನ ಕಥೆ ಬಂದಿದೆ: 2013ರಲ್ಲಿ ಪ್ರಿಯದರ್ಶನ್ ಅವರ ‘ಗೀತಾಂಜಲಿ’. ಮೋಹನಲಾಲರು ಅದೇ ವೈದ್ಯ ಸನ್ನಿಯಾಗಿ ಬೇರೊಂದು ಮನೆಯ ಬೇರೊಂದು ರೋಗವನ್ನು ಬಿಡಿಸಲು ಬರುತ್ತಾರೆ. ನೋಡಿದ ನಮ್ಮ ಮಲಯಾಳಿ ಸ್ನೇಹಿತರು ಅದರ ಮಾತೆತ್ತುವುದು ಅಪರೂಪ. ಮೂಲ ಚಿತ್ರ ಮಾತ್ರ 2024ರ ಆಗಸ್ಟಿನಲ್ಲಿ, ಮೂವತ್ತು ವರ್ಷ ದಾಟಿದ ಮೇಲೆ, ಹೊಸದಾಗಿ ಶುಚಿಗೊಂಡು ಕೇರಳದ ಚಿತ್ರಮಂದಿರಗಳಿಗೆ ಮರಳಿತು. ಪ್ರತಿಯೊಂದು ಮಾತೂ ಬಾಯಿಪಾಠವಾಗಿರುವವರು ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ, ಗಂಗೆ ಮಂಚವನ್ನು ಎತ್ತುವ ಹೊತ್ತಿಗೆ ಎಂದಿನಂತೆ ಉಸಿರು ಬಿಗಿಹಿಡಿದು ಕುಳಿತರು.